ಪಂಪಿನಲ್ಲಿ ಮೂವತ್ತು, ಗನ್ನಿನಲ್ಲಿ ಹದಿನಾರು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ, ಕೆಸರು ಮೆತ್ತಿದ ಜೀಪನ್ನು ತೊಳೆಸೋಣವೆಂದು ಒಂದು ವಾಟರ್ ಸರ್ವಿಸ್ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅರ್ಧ ಗಂಟೆಯ ಕೆಲಸ. ಅಲ್ಲಿಂದ ಹೊರಟಾಗ ಮೂರು ತಾಸು ಕಳೆದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಗೇಜುಗಳು.

ಒಂದು ಎಲ್ಲ ಶೆಡ್ಡುಗಳಲ್ಲೂ ಇರುವಂಥದ್ದೇ, ಪಂಪಿನ ಮೇಲೆ. ಇನ್ನೊಂದನ್ನು ಯಜಮಾನರು ಅವತ್ತು ಬೆಳಿಗ್ಗೆಯಷ್ಟೇ ಪೈಪಿನ ಆ ತುದಿಗೆ, ಗನ್ನಿಗಿಂತ ಒಂದು ಗೇಣು ಹಿಂದೆ, ಟೀ ಜಾಯಿಂಟ್ ಹಾಕಿ ಕೂರಿಸಿದ್ದರು. ಲಾರಿಗಳನ್ನು ಹಿಂದಿನ ಅಂಗಳದಲ್ಲಿ ತೊಳೆಯಲೆಂದು 30 ಮೀಟರ್ ಪೈಪಿಗೆ ಇನ್ನೊಂದು 30 ಮೀಟರ್ ಸೇರಿಸಿದ್ದರು. ಅಂದಿನಿಂದ ಚಾಸಿಯ ಕೆಸರು ಬಿಡುತ್ತಲೇ ಇರಲಿಲ್ಲವಂತೆ. ಪಂಪಿನ ಸೀಲು ಬದಲಿಸಿದರು, ಬೆಲ್ಟು ಬಿಗಿ ಮಾಡಿದರು. 3 ಎಚ್‌ಪಿ ಮೋಟರ್ ತೆಗೆದು 5ರದ್ದು ಹಾಕಿ, ಪಂಪೂ ದೊಡ್ಡದು ತನ್ನಿ ಎಂಬ ಸಲಹೆ ಬಂತು. ಅಷ್ಟು ದುಡ್ಡು ಸುರಿಯುವ ಮುಂಚೆ ಒಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು ಅವರು ಎರಡನೇ ಗೇಜು ತಂದಿದ್ದರು.

"ನೋಡಿ ಸಾರ್, ಗನ್ ಬಿಟ್ಟಿದೆ. ಎರಡೂ ಎಷ್ಟು ತೋರಿಸ್ತಿದೆ?"

ಎರಡೂ ಚದರ ಸೆಂಟಿಮೀಟರಿಗೆ 30 ಕೆ.ಜಿ. ಒತ್ತಡ ತೋರಿಸುತ್ತಿದ್ದವು.

"ಈಗ ಒತ್ತೋ ಮಾರಾಯ."

ಹುಡುಗ ಗನ್ ಒತ್ತಿದ. ಪಂಪಿನ ಮುಳ್ಳು 30ರಲ್ಲೇ ನಡುಗುತ್ತಾ ನಿಂತಿತು. ಗನ್ನಿನ ಹಿಂದಿನ ಮುಳ್ಳು ಸರಕ್ಕನೆ 16ಕ್ಕೆ ಇಳಿಯಿತು. ಬಿಟ್ಟರೆ 30, ಒತ್ತಿದರೆ 16. ಹತ್ತಾರು ಸಲ ಮಾಡಿಸಿ ನೋಡಿದೆ. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ. ನಿಂತ ನೀರು ಒತ್ತಡವನ್ನು ಪೂರ್ತಿ ದಾಟಿಸುತ್ತದೆ, ಹರಿಯುವ ನೀರು ಸುಂಕ ಕಟ್ಟುತ್ತದೆ. ಶಾಲೆಯಲ್ಲಿ ಓದಿದ್ದ ಈ ಮಾತನ್ನು ಒಂದು ಮುಳ್ಳು ಇಳಿದು ಏರುವುದರಲ್ಲಿ ನಾನು ಕಂಡದ್ದು ಅವತ್ತೇ. ಪಂಪಿನ ಗೇಜೊಂದನ್ನೇ ನೋಡಿಕೊಂಡು ಎಷ್ಟು ಜನ ಒಳ್ಳೆಯ ಪಂಪುಗಳನ್ನು ಬಿಚ್ಚಿ ಹರಡಿರಬಹುದು ಎಂದು ಆಗ ಸಂಕಟವಾಯಿತು.

ಪೈಪು 8.5 ಮಿಲಿಮೀಟರಿನದು, ತೋಟಕ್ಕೆ ಔಷಧಿ ಹೊಡೆಯುವ ಅದೇ ಹಳದಿ ಪೈಪು. ಪಕ್ಕದ ಹೈಡ್ರಾಲಿಕ್ ಹೋಸ್ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಅರ್ಧ ಇಂಚಿನ, ತಂತಿ ಹೆಣಿಗೆಯ ರಬ್ಬರ್ ಪೈಪು ಬಂತು. ಉದ್ದ ಅದೇ 60 ಮೀಟರ್, ಪಂಪು ಅದೇ, ಗನ್ನಿನ ತೂತೂ ಅದೇ. ಹುಡುಗ ಒತ್ತಿದ. ಗನ್ನಿನ ಮುಳ್ಳು 27ರಲ್ಲಿ ನಿಂತಿತು.

ಬಕೆಟ್ಟಿಗೆ ಗೋಣಿಚೀಲ ಮುಚ್ಚಿ, ಗನ್ನಿನ ಮೂತಿ ಒಳಗಿಟ್ಟು, ಕೈಗಡಿಯಾರ ಹಿಡಿದು ಕೂತೆವು. 20 ಲೀಟರ್ ತುಂಬಲು ಹಳೇ ಪೈಪಿನಲ್ಲಿ 1 ನಿಮಿಷ 26 ಸೆಕೆಂಡ್ ಬೇಕಾಯಿತು, ಹೊಸದರಲ್ಲಿ 1 ನಿಮಿಷ 6 ಸೆಕೆಂಡ್. ಅಂದರೆ ನಿಮಿಷಕ್ಕೆ 14 ಲೀಟರ್ ಇದ್ದದ್ದು 18 ಆಯಿತು. ಒತ್ತಡವನ್ನೂ ಹರಿವನ್ನೂ ಗುಣಿಸಿದರೆ ಗನ್ನಿಗೆ ತಲುಪುವ ಶಕ್ತಿ ಎರಡು ಪಟ್ಟು ಮೀರಿತು. ಮೋಟರ್ ಅದೇ 3 ಎಚ್‌ಪಿ. ಅಲ್ಲಿಯವರೆಗೆ ಹೆಚ್ಚಿನ ನೀರೆಲ್ಲ ರೆಗ್ಯುಲೇಟರಿನಿಂದ ಡ್ರಮ್ಮಿಗೇ ವಾಪಸು ಹೋಗುತ್ತಿತ್ತು, ಅಷ್ಟೆ. ಹಳೇ ಪೈಪಿನಲ್ಲೇ ಗನ್ನಿಗೆ 27 ತಲುಪಿಸಬೇಕೆಂದರೆ ಪಂಪು ಸುಮಾರು 48 ಕೆ.ಜಿ. ಒತ್ತಬೇಕಾಗುತ್ತಿತ್ತು. ಅದರಲ್ಲಿ 21 ಪೈಪಿಗೇ ಆಹಾರ.

ಹೆಚ್ಚಾದದ್ದು ಬರೀ 4 ಮಿಲಿಮೀಟರ್ ಚಿಲ್ಲರೆ. ಅಷ್ಟಕ್ಕೆ ಇಷ್ಟು ಫಲವೇ? ಇಲ್ಲೇ ನನಗೆ ಬಹಳ ಪ್ರಿಯವಾದ ಒಂದು ಲೆಕ್ಕವಿದೆ. ಅದನ್ನು ನಿಧಾನವಾಗಿಯೇ ಹೇಳುತ್ತೇನೆ.

ಪೈಪಿನ ಒಳಗಿನ ಅಗಲವನ್ನು ಎರಡು ಪಟ್ಟು ಮಾಡಿ. ನೀರಿಗೆ ಸಿಗುವ ಬಾಯಿ ನಾಲ್ಕು ಪಟ್ಟಾಗುತ್ತದೆ. ಅಷ್ಟೇ ನೀರು ಹೋಗುವುದಾದರೆ ವೇಗ ಕಾಲು ಪಾಲಿಗೆ ಇಳಿಯುತ್ತದೆ. ಭರದಲ್ಲಿ ಸುಳಿಸುಳಿಯಾಗಿ ಹರಿಯುವ ನೀರಿನ ಘರ್ಷಣೆ ವೇಗದ ವರ್ಗಕ್ಕೆ ತಕ್ಕಂತೆ ನಡೆಯುವುದರಿಂದ, ನಷ್ಟ ಹದಿನಾರರಲ್ಲಿ ಒಂದು ಪಾಲು. ಅಷ್ಟಕ್ಕೇ ಮುಗಿಯುವುದಿಲ್ಲ. ಅಗಲದ ಪೈಪಿನಲ್ಲಿ ಗೋಡೆಗೆ ಉಜ್ಜುವ ನೀರಿನ ಪಾಲೂ ಅರ್ಧಕ್ಕೆ ಇಳಿಯುತ್ತದೆ. ಹದಿನಾರು ಮೂವತ್ತೆರಡಾಯಿತು. ಎರಡರ ಐದನೇ ಘಾತ! ಒಳಗೋಡೆ ನುಣುಪಾಗಿದ್ದರೆ ಘಾತ ಐದಕ್ಕಿಂತ ತುಸು ಕಡಿಮೆ, ಸುಮಾರು 4.75. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, 8.5ರ ಒಂದೂವರೆ ಪಟ್ಟು. ಸಮಾನ ಹರಿವಿಗೆ ನಷ್ಟ ಏಳರಲ್ಲಿ ಒಂದು ಪಾಲಿನಷ್ಟು. ಉದ್ದಕ್ಕೆ ಇಷ್ಟು ಆರ್ಭಟವಿಲ್ಲ, ಎರಡು ಪಟ್ಟು ಉದ್ದವಾದರೆ ಎರಡು ಪಟ್ಟು ನಷ್ಟ. ಅಗಲವೊಂದೇ ಹೀಗೆ ಐದೈದು ಬಾರಿ ಗುಣಿಸಿಕೊಂಡು ಬರುತ್ತದೆ.

ಹಳೆಯ ಕಡತ ತಿರುವಿದರೆ ಈ ಲೆಕ್ಕದ ಬೇರು ಫ್ರಾನ್ಸ್ ಮತ್ತು ಜರ್ಮನಿಯಲ್ಲಿದೆ. ರಕ್ತನಾಳಗಳ ಹರಿವನ್ನು ಅರಿಯಲು ಹೊರಟ ವೈದ್ಯ ಪ್ವಾಸೋಯ್ 1840ರ ಆಸುಪಾಸಿನಲ್ಲಿ ಕೂದಲೆಳೆಯಂಥ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ, ನಿಧಾನದ ಹರಿವಿಗೆ ನಾಲ್ಕನೇ ಘಾತದ ನಿಯಮ ಕಂಡುಕೊಂಡ. ಜರ್ಮನಿಯ ಹಾಗೆನ್ 1839ರಲ್ಲೇ ಅದನ್ನು ಮುಟ್ಟಿದ್ದ. ವೈಸ್‌ಬಾಕ್ 1845ರಲ್ಲಿ ಘರ್ಷಣೆಯ ನಷ್ಟಕ್ಕೆ ಈಗಿನ ಸೂತ್ರ ಬರೆದ. ತನ್ನ ಹುಟ್ಟೂರು ದಿಜಾನ್‌ಗೆ ದೂರದ ಚಿಲುಮೆಯಿಂದ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಪೈಪುಗಳ ಮೇಲಿನ ತನ್ನ ಪ್ರಯೋಗಗಳನ್ನು 1857ರಲ್ಲಿ ಪ್ರಕಟಿಸಿ ಮರುವರ್ಷ ತೀರಿಕೊಂಡ. ಸೂತ್ರದ ಮೇಲೆ ಡಾರ್ಸಿ, ವೈಸ್‌ಬಾಕ್ ಇಬ್ಬರ ಹೆಸರೂ ಉಳಿಯಿತು. ಜರ್ಮನಿಯ ಕೆರ್ಶರ್ 1950ರಲ್ಲಿ ಬಿಸಿನೀರಿನ ಹೈ ಪ್ರೆಶರ್ ಯಂತ್ರ ತಂದಾಗ, ಅದಕ್ಕೆ ಬೇಕಾದ ಗಣಿತ ಆಗಲೇ ನೂರು ವರ್ಷ ಹಳೆಯದು. ಆದರೂ ಇವತ್ತು ಅಂಗಡಿಯ ಪೆಟ್ಟಿಗೆಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಹೆಚ್ಚಾಗಿ ಪಂಪಿನ ಗರಿಷ್ಠ ಒತ್ತಡ. ಕೊಳ್ಳುವವರು ಪೈಪಿನ ಒಳ ಅಗಲವನ್ನೂ ಕೇಳಬೇಕು, ಆ ದೊಡ್ಡ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ.

8.5 ಎಂಬ ಅಂಕಿ ನನಗೆ ಹೊಸದಲ್ಲ. ಮಲೆನಾಡಿನ ಅಡಿಕೆ ತೋಟಗಳಿಗೆ ಮಳೆಗಾಲದ ಕೊಳೆ ಔಷಧಿ ಏರುವುದು ಇದೇ ಪೈಪಿನಲ್ಲಿ. ಕೆನಡಾದಿಂದ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿದರು. ಮೈಲುತುತ್ತ, ಸುಣ್ಣದ ಆ ಪಾಕ ಈಗಲೂ ಅದೇ. "ಮರ ಎತ್ತರ, ಅದಕ್ಕೇ ಔಷಧಿ ಕೊನೆ ಮುಟ್ಟಲ್ಲ" ಎಂಬ ಮಾತು ತೋಟದಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದಿದೆ. ಲೆಕ್ಕ ಹಾಕಿ ನೋಡಿದೆ. 15 ಮೀಟರ್ ಎತ್ತರ ತಿನ್ನುವುದು ಒಂದೂವರೆ ಕೆ.ಜಿ. ಮಾತ್ರ. ನಿಮಿಷಕ್ಕೆ 8 ಲೀಟರ್ ಹರಿದರೆ 100 ಮೀಟರ್ ಪೈಪು ತಿನ್ನುವುದು 8 ಕೆ.ಜಿ.ಗೂ ಮಿಗಿಲು. ಅದೇ ಪೈಪು 10 ಮಿಲಿಮೀಟರಿನದಾದರೆ 4ರ ಒಳಗೆ. ನಾವು ಇಷ್ಟು ವರ್ಷ ದೂರಿದ್ದು ಮರವನ್ನು.

ಹಾಗೆಂದು ದಪ್ಪ ಪೈಪು ಪುಕ್ಕಟೆ ವರವಲ್ಲ. ಶೆಡ್ಡಿನ ಹುಡುಗ ಹತ್ತು ನಿಮಿಷಕ್ಕೇ, "ಅಣ್ಣಾ, ಹೆಬ್ಬಾವು ಎಳೆದಂಗೆ ಆಗ್ತದೆ" ಎಂದ. ಅವನ ಮಾತು ನಿಜ. 60 ಮೀಟರಿನಲ್ಲಿ ನೀರೇ 4 ಕಿಲೋ ಹೆಚ್ಚು, ಮೇಲೆ ರಬ್ಬರಿನ ಭಾರ. ಅಗಲ ಹೆಚ್ಚಿದಷ್ಟೂ ಅದೇ ಒತ್ತಡ ಗೋಡೆಯನ್ನು ಹೆಚ್ಚು ಜಗ್ಗುವುದರಿಂದ ಗಟ್ಟಿ ಹೆಣಿಗೆಯೂ ಬೇಕು. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, ಹಳೇ ಪೈಪಿನ 3 ಮೀಟರ್ ತುಂಡನ್ನು ಗನ್ನಿನ ಕಡೆಗೆ ಸೇರಿಸಿದರು. ದೂರಕ್ಕೆಲ್ಲ ದಪ್ಪದು, ಕೈಯಾಡುವಲ್ಲಿ ಸಣ್ಣದು. ಮುಳ್ಳು 26. ಒಂದೇ ಒಂದು ಕೆ.ಜಿ. ಕೊಟ್ಟು ಹುಡುಗನ ಭುಜ ಉಳಿಸಿದ ಆ ಗಳಿಗೆ ನನಗೆ ಇಡೀ ದಿನದ ಸೊಗಸಾದ ಗಳಿಗೆ.

ಹೊರಡುವಾಗ ಅವರು ಇನ್ನೊಂದು ಉಪಾಯ ಹೇಳಿಕೊಟ್ಟರು. ಪೈಪು ಕೊಳ್ಳುವಾಗ ಹೊರಗಿನ ದಪ್ಪಕ್ಕೆ ಮರುಳಾಗಬೇಡಿ, ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಬಾಯಿಗೆ ತೂರಿಸಿ ನೋಡಿ ಎಂದು. ಮನೆಗೆ ಬಂದು ಕೊಟ್ಟಿಗೆಯ ಅಟ್ಟದಿಂದ ನಮ್ಮ ಔಷಧಿ ಪೈಪು ಇಳಿಸಿದೆ. 8ರ ಬಿಟ್ಟು ಬಿಗಿಯಾಗಿ ಕೂತಿತು, 8.5ರದ್ದು ಒಳಗೆ ಹೋಗಲೇ ಇಲ್ಲ. ಅರ್ಧ ಮಿಲಿಮೀಟರ್ ಕಡಿಮೆ. ಐದನೇ ಘಾತದ ಲೆಕ್ಕದಲ್ಲಿ ನಷ್ಟ ಮೂರನೇ ಒಂದು ಪಾಲು ಜಾಸ್ತಿ. ಬರುವ ಮಳೆಗಾಲಕ್ಕೆ 10ರ ಪೈಪು ತರಲು ಹೋಗುವಾಗ, ಜೇಬಿನಲ್ಲಿ 10ರ ಡ್ರಿಲ್ ಬಿಟ್ಟು ಇರುತ್ತದೆ.