ಹಿರೇಗುಡ್ಡದ ಕರಿಕಲ್ಲು, ಪಿಂಕ್ ಫ್ಲಾಯ್ಡ್‌ನ ಒಂಟಿ ಸ್ವರ

ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಕರಿಕಲ್ಲಿನ ಬಂಡೆಗಳ ಉದ್ದನೆಯ ಸಾಲೊಂದಿದೆ. ನವಶಿಲಾಯುಗದ ಜನ ಕುಟ್ಟಿ ಬಿಡಿಸಿದ ಉದ್ದ ಕೊಂಬಿನ ಎತ್ತುಗಳನ್ನು ನೋಡಲೆಂದೇ ಹತ್ತಿದ್ದೆ. ಕೆಲವು ಬಂಡೆಗಳ ಮೇಲೆ ಬಡಿದು ಬಡಿದು ಸವೆದ ಕುಳಿಗಳಿದ್ದವು. ಜೊತೆಗಿದ್ದ ಗೆಳೆಯ ಒಂದು ಕುಳಿಗೆ ಸಣ್ಣ ಕಲ್ಲನ್ನು ಮೆಲ್ಲಗೆ ತಾಕಿಸಿದ. ಬಂಡೆ ಕಂಚಿನ ದನಿಯಲ್ಲಿ ಮಿಡಿಯಿತು. ಆ ನಾದ ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

ಅದೇ ಸಂಜೆ ಗೆಳೆಯನ ಮನೆಯಲ್ಲಿ ಇಂಗ್ಲಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ಮೆಡಲ್’ ಹಾಕಿದೆವು. 1971ರ ಈ ಆಲ್ಬಂನ ಎರಡನೇ ಬದಿಯನ್ನು ‘ಎಕೋಸ್’ ಎಂಬ ಒಂದೇ ಹಾಡು ತುಂಬಿದೆ, 23 ನಿಮಿಷಕ್ಕೂ ಹೆಚ್ಚು. ಅದು ಶುರುವಾಗುವುದೇ ಒಂಟಿ ಸ್ವರದಿಂದ. ಟಿಣ್. ಮೌನ. ಮತ್ತೆ ಟಿಣ್. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಆ ಸ್ವರ ಹುಟ್ಟಿದ ಬಗೆ ನನಗೆ ಎಷ್ಟು ಹೇಳಿದರೂ ತೀರದು. ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಪಿಯಾನೋದ ಮೇಲಿನ ಸ್ಥಾಯಿಯ ಒಂದು ಮನೆ ಒತ್ತಿದ; ಅದನ್ನು ಲೆಸ್ಲಿ ಎಂಬ ಸ್ಪೀಕರಿಗೆ ಹಾಯಿಸಿದರು. ಲೆಸ್ಲಿಯೊಳಗೆ ಕಹಳೆ ತಿರುಗುತ್ತಿರುತ್ತದೆ. ದನಿ ಹತ್ತಿರ ಬಂದಂತೆ, ದೂರ ಸರಿದಂತೆ ಅಲೆಯುತ್ತದೆ. ಆಮೇಲೆ ಅದೇ ಮಿಡಿತ ಮತ್ತೆ ಕೈಗೆ ಸಿಗದೆ, ಮೊದಲು ಪ್ರಯೋಗಕ್ಕೆಂದು ಮುದ್ರಿಸಿದ್ದನ್ನೇ ಹಾಡಿಗೆ ಸೇರಿಸಿಕೊಂಡರು. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್, ಸ್ವರದ ಬಣ್ಣ ಬದಲಿಸುವ ವಾ-ವಾ ಪೆಡಲ್‌ಗೆ ಕೇಬಲ್‌ಗಳನ್ನು ತಿರುವುಮುರುವಾಗಿ ಜೋಡಿಸಿದ್ದರಿಂದ ಹಾಡಿನ ನಡುವಿನ ಚೀತ್ಕಾರ ಹುಟ್ಟಿತು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವ ತರುಣನೊಬ್ಬ ನಮ್ಮ ಜೊತೆ ಕೂತಿದ್ದ. “ಗಿರಣಿ ನಿಂತ ಮ್ಯಾಲೂ ಕಿವ್ಯಾಗ ಗುಂಯ್ ಅಂತಿರ್ತೈತಿ. ಅದು ಇಳಿಯೋ ಹೊತ್ತಿನಂಗ ಐತಣ್ಣ ಇದು” ಎಂದ. ಕುರುಗೋಡಿನಿಂದ ಬಂದಿದ್ದ ಭಜನೆ ಹಾಡುವ ಹಿರಿಯರಿಗೆ ಆ ಚೀತ್ಕಾರ ಹಿಡಿಸಲಿಲ್ಲ. ಆದರೆ ಮೊದಲ ಬದಿಯ ‘ಎ ಪಿಲ್ಲೋ ಆಫ್ ವಿಂಡ್ಸ್’ ಕೇಳಿ, “ಇವ್ರಿಗೆ ಅವಸರ ಇಲ್ಲ ನೋಡಪ್ಪ. ಸ್ವರ ಬಿಟ್ಟು, ಅದು ಹೋಗೋ ದಾರಿ ಕಾಯ್ತಾರ” ಎಂದರು. ಆಲ್ಬಂ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದೇ.

ಆರಂಭದ ಮುಂದಾಳು ಸಿಡ್ ಬ್ಯಾರೆಟ್ 1968ರಲ್ಲಿ ಹೊರನಡೆದ ಮೇಲೆ ಈ ತಂಡ ದಿಕ್ಕು ಹುಡುಕುತ್ತಿತ್ತು. 1970ರ ‘ಆಟಂ ಹಾರ್ಟ್ ಮದರ್’ನಲ್ಲಿ ತುತ್ತೂರಿ, ವೃಂದಗಾನಗಳ ಭಾರವಿತ್ತು. ‘ಮೆಡಲ್’ನಲ್ಲಿ ಅದನ್ನೆಲ್ಲ ಇಳಿಸಿ ನಾಲ್ವರೇ ಉಳಿದರು. ಲೋಕವೆಲ್ಲ ಕೊಂಡಾಡುವುದು 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅನ್ನು. ನನ್ನ ಒಲವು ಈ ತಣ್ಣನೆಯ ಆಲ್ಬಂ ಕಡೆಗೇ. ಇಂಥ ಸಂಗೀತವನ್ನು ಸೈಕೆಡೆಲಿಕ್ ಎಂದೊಡನೆ ಅಮಲಿನ ಮಾತೆತ್ತುವವರನ್ನು ನಾನು ಒಪ್ಪುವುದಿಲ್ಲ. ಚಹಾ ಕುಡಿದು ಕೂತ ಭಜನೆಯ ಹಿರಿಯರಿಗೆ ಇದು ದಕ್ಕಿತಲ್ಲ! ಬೇಕಿರುವುದು ಸ್ವರ ಪೂರ್ತಿ ಕರಗುವವರೆಗೆ ಕಾಯುವ ಕಿವಿ ಮಾತ್ರ.

1971ರ ಅಕ್ಟೋಬರ್‌ನಲ್ಲಿ ಇದೇ ತಂಡ ಇಟಲಿಯ ಪಾಂಪೆಯ ಪ್ರಾಚೀನ ಕಲ್ಲಿನ ರಂಗಭೂಮಿಯಲ್ಲಿ, ಪ್ರೇಕ್ಷಕರಿಲ್ಲದೆ, ಏಡ್ರಿಯನ್ ಮಾಬೆನ್‌ನ ಚಿತ್ರಕ್ಕಾಗಿ ‘ಎಕೋಸ್’ ನುಡಿಸಿತು. ಅವರು ಕಲ್ಲುಗಳ ನಡುವೆ ನುಡಿಸಿದರು. ನಮ್ಮವರು ಸಾವಿರಾರು ವರ್ಷ ಮೊದಲೇ ಕಲ್ಲನ್ನೇ ನುಡಿಸಿದ್ದರು. ಹಿರೇಗುಡ್ಡದ ಚಿತ್ರಗಳು 1892ರಲ್ಲೇ ವಿದ್ವಾಂಸರ ಗಮನಕ್ಕೆ ಬಂದಿದ್ದವು. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ತಮ್ಮ ಲೇಖನದಲ್ಲಿ ಚಿತ್ರಗಳ ಜೊತೆ ಈ ನಾದಶಿಲೆಗಳನ್ನೂ ಇಟ್ಟು ನೋಡಿದರು.

ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲುಗಣಿಗಾರಿಕೆಯಿಂದ ಆದ ಪೆಟ್ಟು ಸಣ್ಣದಲ್ಲ. ಲಂಡನ್ನಿನ ಸ್ವರ ಟೇಪಿನಲ್ಲಿದೆ, ಎಷ್ಟು ಪ್ರತಿಯನ್ನಾದರೂ ಮಾಡಬಹುದು. ನಮ್ಮ ಸ್ವರವಿರುವುದು ಬಂಡೆಯಲ್ಲಿ. ಬಂಡೆ ಸಿಡಿದರೆ ಅದೂ ಹೋಯಿತು. ಬಳ್ಳಾರಿಯಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ, ಆಮೇಲೆ ಗುಡ್ಡ ಹತ್ತಿ. ಹೋದವರೆಲ್ಲ ಬಡಿದು ನೋಡಿದರೂ ಕುಳಿಗಳು ಹಾಳಾಗುತ್ತವೆ. ಅವನ್ನು ಬಡಿಯದೆ ಕಾಯುವುದೂ ಸಂಗೀತಪ್ರಿಯರ ಕೆಲಸವೇ.