ಸೋಮಾರಿಯೂ ಅಲ್ಲ, ಕಲ್ಲೆದೆಯವರೂ ಅಲ್ಲ

ನಮ್ಮ ಮನೆಯಲ್ಲಿ ನನ್ನ ಚಿಕ್ಕಪ್ಪನವರಿಗೆ ಎರಡು ಬಿರುದುಗಳಿದ್ದವು. ಒಂದು ‘ಸೋಮಾರಿ’, ಇನ್ನೊಂದು ‘ಕಲ್ಲೆದೆಯವನು’. ಮೊದಲನೆಯದನ್ನು ಕೊಟ್ಟವರು ಹಿರಿಯರು. ಎರಡನೆಯದನ್ನು ಕೊಟ್ಟವನು ನಾನು. ಅಜ್ಜಿ ತೀರಿಕೊಂಡ ದಿನ ನೆರೆಹೊರೆಯವರೆಲ್ಲ ಕಣ್ಣೀರಿಡುತ್ತಿದ್ದರೂ, ಆಕೆಯ ಸ್ವಂತ ಮಗನಾದ ಚಿಕ್ಕಪ್ಪ ಜಗಲಿಯ ಕಂಬಕ್ಕೊರಗಿ ನಿರ್ವಿಕಾರವಾಗಿ ಕುಳಿತಿದ್ದರು. ಹೈಸ್ಕೂಲು ಹುಡುಗನಾಗಿದ್ದ ನಾನು ಸಿಟ್ಟು ತಡೆಯಲಾರದೆ, “ಚಿಕ್ಕಪ್ಪಾ, ನಿಮಗೆ ಕರುಳೇ ಇಲ್ಲ” ಎಂದುಬಿಟ್ಟೆ. ಅವರು ಉತ್ತರ ಕೊಡಲಿಲ್ಲ.

ಅವರಿಗೆ ಸ್ಕಿಜೋಫ್ರೀನಿಯಾ ಎಂಬ ಕಾಯಿಲೆಯಿರುವುದು ನಮಗೆಲ್ಲ ತಿಳಿದೇ ಇತ್ತು. ಆದರೆ ಇಲ್ಲದ ಧ್ವನಿಗಳು ಕೇಳಿಸುವುದು, ಕಾರಣವಿಲ್ಲದೆ ಸಂಶಯಪಡುವುದು, ಇಷ್ಟೇ ಆ ಕಾಯಿಲೆಯೆಂದು ನಾವು ನಂಬಿದ್ದೆವು. ಕಾಲೇಜಿಗೆ ಬಂದು ಮನಶ್ಶಾಸ್ತ್ರವನ್ನು ಓದಿದ ಮೇಲೆ ಆ ಎರಡು ಬಿರುದುಗಳೂ ಅನ್ಯಾಯದವೆಂದು ನನಗೆ ಮನವರಿಕೆಯಾಯಿತು. ತಿಳಿದುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

‘ಸ್ಕಿಜೋಫ್ರೀನಿಯಾ’ ಎಂಬ ಹೆಸರನ್ನು 1908ರಲ್ಲಿ ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್. ಬಿರುಕು, ಮನಸ್ಸು ಎಂಬ ಅರ್ಥದ ಎರಡು ಗ್ರೀಕ್ ಮಾತುಗಳಿಂದ ಅದು ಹುಟ್ಟಿದೆ. ಒಬ್ಬನ ಮೈಯಲ್ಲಿ ಇಬ್ಬರು ವಾಸಿಸುತ್ತಾರೆಂಬ ಸಿನಿಮಾ ಕಲ್ಪನೆಗೂ ಇದಕ್ಕೂ ಸಂಬಂಧವಿಲ್ಲ. ಆಲೋಚನೆ, ಭಾವನೆ, ಇಚ್ಛೆಗಳ ನಡುವಣ ಹೊಂದಾಣಿಕೆ ತಪ್ಪುವುದೆಂಬುದೇ ಆತನ ಇಂಗಿತ.

ಮೊದಲು ‘ಸೋಮಾರಿತನ’ವನ್ನು ನೋಡೋಣ. ಮದುವೆಮನೆಯಲ್ಲಿ ಅಡಿಗೆಯವರೂ, ಓಲಗದವರೂ, ಪುರೋಹಿತರೂ ಇದ್ದು, ಪಾರುಪತ್ಯ ವಹಿಸುವವನೊಬ್ಬ ಇಲ್ಲದಿದ್ದರೆ ಏನಾದೀತು? ಎಲ್ಲರಿಗೂ ಕೆಲಸ ಗೊತ್ತು; ಆದರೂ ಮುಹೂರ್ತ ಮೀರುತ್ತದೆ. ನಮ್ಮ ಮಿದುಳಿನಲ್ಲಿಯೂ ಇಂಥ ಪಾರುಪತ್ಯವೊಂದುಂಟು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವುದು, ನಡುವೆ ಮರೆಯದಿರುವುದು, ದಾರಿ ತಪ್ಪಿದರೆ ಬದಲಿಸುವುದು ಇದರ ಕೆಲಸ. ಇದನ್ನು ಕಾರ್ಯನಿರ್ವಹಣ ಶಕ್ತಿ ಎನ್ನಬಹುದು. ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗಕ್ಕೆ ಇದರಲ್ಲಿ ಮುಖ್ಯ ಪಾತ್ರವಿದೆ.

ಇದನ್ನು ಅಳೆಯಲು 1948ರಲ್ಲಿ ಗ್ರಾಂಟ್ ಮತ್ತು ಬರ್ಗ್ ಎಂಬವರು ವಿಸ್ಕಾನ್ಸಿನ್ ಕಾರ್ಡು ಪರೀಕ್ಷೆಯನ್ನು ಪ್ರಕಟಿಸಿದರು. ಚಿತ್ರಗಳಿರುವ ಕಾರ್ಡುಗಳನ್ನು ಬಣ್ಣ, ಆಕಾರ ಇಲ್ಲವೆ ಸಂಖ್ಯೆಗೆ ಅನುಸಾರವಾಗಿ ವಿಂಗಡಿಸಬೇಕು. ನಿಯಮ ಯಾವುದೆಂದು ಪರೀಕ್ಷಕ ಹೇಳುವುದಿಲ್ಲ. ‘ಸರಿ’, ‘ತಪ್ಪು’ ಎಂದಷ್ಟೇ ಹೇಳುತ್ತಾನೆ. ಸತತವಾಗಿ ಹತ್ತು ಸಲ ಸರಿಯಾದೊಡನೆ ಸದ್ದಿಲ್ಲದೆ ನಿಯಮವನ್ನು ಬದಲಾಯಿಸುತ್ತಾನೆ. ಸಾಮಾನ್ಯರು ಬೇಗನೆ ಹೊಸ ನಿಯಮವನ್ನು ಹಿಡಿಯುತ್ತಾರೆ. ಈ ಕಾಯಿಲೆಯವರಲ್ಲಿ ಅನೇಕರು ‘ತಪ್ಪು’ ಎಂದು ಕೇಳುತ್ತಿದ್ದರೂ ಹಳೆಯ ನಿಯಮವನ್ನೇ ಮುಂದುವರಿಸುತ್ತಾರೆ. ಈ ಪರೀಕ್ಷೆಯ ಸಮಯದಲ್ಲಿ ಇತರರ ಮಿದುಳಿನ ಆ ಭಾಗದಲ್ಲಿ ರಕ್ತಸಂಚಾರ ಹೆಚ್ಚುವಷ್ಟು ರೋಗಿಗಳಲ್ಲಿ ಹೆಚ್ಚುವುದಿಲ್ಲವೆಂದು ವೈನ್‌ಬರ್ಗರ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು.

ಚಿಕ್ಕಪ್ಪ ಕಾಫಿ ಮಾಡಲು ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಿದ್ದುದು ಈಗ ನನಗೆ ಬೇರೆಯಾಗಿ ಕಾಣುತ್ತದೆ. ಹಾಲು, ಡಿಕಾಕ್ಷನ್, ಸಕ್ಕರೆ ಎಲ್ಲವೂ ಅವರಿಗೆ ಗೊತ್ತು. ಎಲ್ಲಿಂದ ಆರಂಭಿಸುವುದೆಂಬುದೇ ತೊಡಕು.

ಇನ್ನು ‘ಕಲ್ಲೆದೆ’ಯ ಮಾತು. 1996ರಲ್ಲಿ ಕ್ರಿಂಗ್ ಮತ್ತು ನೀಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಈ ಕಾಯಿಲೆಯವರಿಗೂ ಆರೋಗ್ಯವಂತರಿಗೂ ಭಾವೋದ್ದೀಪಕವಾದ ಚಲನಚಿತ್ರದ ತುಣುಕುಗಳನ್ನು ತೋರಿಸಿದ ಪ್ರಯೋಗವನ್ನು ಪ್ರಕಟಿಸಿದರು. ರೋಗಿಗಳ ಮುಖದಲ್ಲಿ ಭಾವ ಕಡಮೆ ಕಂಡಿತು. ಆದರೆ ಒಳಗೆ ಏನನ್ನಿಸಿತೆಂದು ಕೇಳಿದಾಗ, ಅವರೂ ಇತರರಷ್ಟೇ ಭಾವವನ್ನು ಅನುಭವಿಸಿದುದಾಗಿ ಹೇಳಿದರು! ಬಾವಿ ಬತ್ತಿರಲಿಲ್ಲ, ರಾಟೆ ಕೆಟ್ಟಿತ್ತು. ಇತರರ ಮುಖದ ಭಾವವನ್ನು ಗುರುತಿಸುವುದರಲ್ಲಿಯೂ ಹಲವರಿಗೆ ತೊಡಕುಂಟು. ಮುಂದೆ ಬರಲಿರುವ ಸಂತೋಷವನ್ನು ಮನಸ್ಸಿಗೆ ತಂದುಕೊಳ್ಳುವುದೂ ಕಷ್ಟವೆಂದು ಕೆಲವು ಸಂಶೋಧನೆಗಳು ಸೂಚಿಸಿವೆ. ಜಾತ್ರೆಯ ಸೊಗಸು ಮನಸ್ಸಿನಲ್ಲಿ ಮೂಡದವನು ಜಾತ್ರೆಗೆ ಹೊರಟಾನು ಹೇಗೆ? ಇಲ್ಲಿ ಭಾವನೆಯೂ ಕಾರ್ಯನಿರ್ವಹಣೆಯೂ ಒಂದನ್ನೊಂದು ಮುಟ್ಟುತ್ತವೆ.

ಎಲ್ಲ ರೋಗಿಗಳಲ್ಲಿಯೂ ಈ ತೊಡಕುಗಳು ಒಂದೇ ಪ್ರಮಾಣದಲ್ಲಿರುವುದಿಲ್ಲ. ಔಷಧಗಳು ಧ್ವನಿ, ಸಂಶಯಗಳನ್ನು ತಗ್ಗಿಸುವಷ್ಟು ಇವನ್ನು ತಗ್ಗಿಸಲಾರವು. ಆದರೂ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಲಾಗದು. ಅದರ ಜೊತೆಗೆ ಗಮನ, ಜ್ಞಾಪಕ, ಯೋಜನೆಗಳಿಗೆ ಕ್ರಮವಾದ ತರಬೇತಿಯಿಂದ ಪ್ರಯೋಜನವಿದೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕೊಡುವುದು ಮನೆಯವರಿಂದಲೂ ಸಾಧ್ಯ. ಕಾಫಿ ಮಾಡುವ ಕ್ರಮವನ್ನು ನಾನು ಐದು ಸಾಲುಗಳಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಈಗ ಹೆಚ್ಚಿನ ದಿನಗಳಲ್ಲಿ ಬೆಳಗಿನ ಕಾಫಿ ಚಿಕ್ಕಪ್ಪನವರದೇ.

ಕಳೆದ ರಜೆಯಲ್ಲಿ ಧೈರ್ಯಮಾಡಿ, “ಚಿಕ್ಕಪ್ಪಾ, ಅಜ್ಜಿ ನೆನಪಾಗ್ತಾರಾ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ದಿನಾ ನೆನಪಾಗ್ತಾಳೆ ಕಣೋ. ಅಳು ಮಾತ್ರ ಬರೋದಿಲ್ಲ” ಎಂದರು. ಆಗಲೂ ಅವರ ಮುಖ ಹಾಗೆಯೇ ಇತ್ತು. ಅಂದು ಜಗಲಿಯಲ್ಲಿ ಆಡಿದ ಮಾತಿಗಾಗಿ ನಾನು ಕ್ಷಮೆ ಕೇಳಿದೆ. ಓದುವ ಮಿತ್ರರಲ್ಲಿ ಯಾರ ಮನೆಯಲ್ಲಾದರೂ ಇಂಥ ಬಿರುದುಗಳು ಬಳಕೆಯಲ್ಲಿದ್ದರೆ, ಅವನ್ನು ಇಂದೇ ಹಿಂದಕ್ಕೆ ಪಡೆಯಬೇಕೆಂದು ನನ್ನ ವಿನಂತಿ.