ಮಾರುವವರ ಮುಂದೆ ಮನೆಯ ಮಾತು

ಪ್ರಶ್ನೆ: ಪೌಷ್ಟಿಕ ಪುಡಿ, ಕ್ರೀಮು ಮಾರುವವರ ವಾಟ್ಸ್ಆಪ್ ಗುಂಪಿನಲ್ಲಿ ಗ್ರಾಹಕರು ಕಾಯಿಲೆ, ಮನೆ ಜಗಳ ಎಲ್ಲವನ್ನೂ ಬರೆದುಬಿಡುವುದೇಕೆ? ಮಾರುವವರು ಆಗ ಏನು ಮಾಡಬೇಕು?

ನೇರ ಮಾರಾಟ ನಡೆಯುವುದೇ ಪರಿಚಯದ ಮೇಲೆ. ಮಾರುವವರು ಅಂಗಡಿಯವರಲ್ಲ, ಪಕ್ಕದ ಬೀದಿಯ ಅಕ್ಕ. ಹಿಂದೆ ಬಳೆಗಾರನ ಮುಂದೆ ಕೈ ಚಾಚಿ ಕೂತವರು ಬಳೆ ಏರುವಷ್ಟರಲ್ಲಿ ಮನೆಯ ಸುದ್ದಿ ಹೇಳಿ ಮುಗಿಸುತ್ತಿದ್ದರು. ಆ ಮಾತು ಜಗಲಿ ದಾಟುತ್ತಿರಲಿಲ್ಲ. ದಾಟಿದರೂ ನಡೆದೇ ಹೋಗಬೇಕಿತ್ತು. ಫೋನಿನಲ್ಲಿ ಜಗಲಿ ಇದೆ, ಸುತ್ತ ಕೂತವರು ಕಾಣುವುದಿಲ್ಲ. ಎದುರಿಗೆ ಮುಖವಿಲ್ಲದಾಗ ಸಂಕೋಚ ಸಡಿಲವಾಗುತ್ತದೆ. ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದನ್ನು ವಿವರಿಸಿದ್ದರು. “ಥೈರಾಯ್ಡ್ ಇದೆ, ಹೆರಿಗೆ ಆದಮೇಲೆ ಹದಿನೈದು ಕೆ.ಜಿ. ಏರಿದೆ, ಅತ್ತೆ ಆಡಿಕೊಳ್ತಾರೆ, ಈ ಪುಡಿ ಆಗುತ್ತಾ ಅಕ್ಕ?” ಎಂದು ಬರೆದವರ ಮನಸ್ಸಿನಲ್ಲಿರುವುದು ಅಕ್ಕ ಒಬ್ಬಳೇ. ಗುಂಪಿನಲ್ಲಿ 1,024 ಜನರವರೆಗೆ ಇರಬಹುದು, ಅತ್ತೆಯ ತಂಗಿಯೂ ಸೇರಿ.

ಅಲ್ಲೇ ಉತ್ತರಿಸಿದರೆ ಮಾತು ಬೆಳೆಯುತ್ತದೆ. “ನಿಮಗೇ ಮೆಸೇಜ್ ಮಾಡ್ತೀನಿ” ಎಂದಷ್ಟೇ ಬರೆದು, ಅಡ್ಮಿನ್ ಆಗಿದ್ದರೆ ಆ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವುದು ಸರಿ. ಥೈರಾಯ್ಡ್ ಪ್ರಶ್ನೆಗೆ ತೋರಿಸಬೇಕಾದದ್ದು ವೈದ್ಯರನ್ನು, ಪುಡಿಯ ಡಬ್ಬಿಯನ್ನಲ್ಲ. “ತೂಕ ಇಳೀತು” ಎಂಬ ಗ್ರಾಹಕರ ಮಾತಿನ ಸ್ಕ್ರೀನ್‌ಶಾಟನ್ನು ಕೇಳದೆ ಸ್ಟೇಟಸ್‌ಗೆ ಹಾಕುವ ಚಾಳಿ ಇನ್ನೂ ಕೆಟ್ಟದ್ದು. ಭಾರತದ 2021ರ ನೇರ ಮಾರಾಟ ನಿಯಮಗಳು ಗ್ರಾಹಕರ ಸೂಕ್ಷ್ಮ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಮಾರುವವರ ಮೇಲೂ ಹೊರಿಸಿವೆ. ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿದರೆ ಈ ತೊಂದರೆಯೇ ಹುಟ್ಟದು: ಮಾರುವವರ ನಂಬರ್ ಉಳಿಸಿಕೊಂಡವರಿಗೆಲ್ಲ ಸುದ್ದಿ ಹೋಗುತ್ತದೆ, ಉತ್ತರ ಮಾರುವವರಿಗೆ ಮಾತ್ರ ಬರುತ್ತದೆ.